ಟೇಪಿನೊಳಗೆ ಕೂತ ಭಾಗವತರು

ಹೊಸ ಯಂತ್ರ ಯಾವುದೇ ಬರಲಿ, ನಮ್ಮ ಸಾಗರ ಸೀಮೆಯವರು ಅದರೆದುರು ಒಂದಾದರೂ ಎಡವಟ್ಟು ಮಾಡದೆ ಬಿಟ್ಟವರಲ್ಲ. ನಾನೂ ಅದಕ್ಕೆ ಹೊರತಲ್ಲ. ಅರವತ್ತರ ದಶಕದ ಕೊನೆಯಲ್ಲಿ ನಾನು ಸಾಗರದಲ್ಲಿ ಕಾಲೇಜು ಓದುತ್ತಿದ್ದೆ. ನಮ್ಮ ಭೌತಶಾಸ್ತ್ರದ ಮೇಷ್ಟ್ರು ಎಲ್ಲಿಂದಲೋ ಒಂದು ಪುಟ್ಟ ಕ್ಯಾಮೆರಾ ಸಂಪಾದಿಸಿ, ಗಂಧದ ಕೆತ್ತನೆಯ ಗುಡಿಗಾರರ ಮೇಲೆ ನಮ್ಮಿಂದ ಹತ್ತು ನಿಮಿಷದ ಸಿನಿಮಾ ತೆಗೆಸಿದರು. ಚಿತ್ರವೇನೋ ಬಂತು, ಮಾತಿರಲಿಲ್ಲ. ತೀರ್ಥಹಳ್ಳಿಯ ಪರಿಚಯಸ್ಥರಿಂದ ಟೇಪ್ ರೆಕಾರ್ಡರ್ ಕೇಳಿ ತಂದು, ವಿವರಣೆ ಹೇಳಲು ಹೊಸನಗರದ ಕಡೆಯ ಯಕ್ಷಗಾನ ಭಾಗವತರೊಬ್ಬರನ್ನು ಕರೆಸಿದೆವು.

ಅವರದು ಒಂದೇ ಷರತ್ತು.

"ನಲವತ್ತು ವರ್ಷ ಮೇಳದಲ್ಲಿ ಹಾಡಿದೀನಿ. ದನ-ಕರ ಬಿಟ್ಟು ಬರಕ್ಕಾಗ್ದೆ ನಮ್ಮನೆಯವಳು ಒಂದು ಆಟಾನೂ ನೋಡಿಲ್ಲ. ಈಗ ಗಂಟಲು ಕೈ ಕೊಡ್ತಾ ಇದೆ. ಅವಳು ಒಂದ್ಸಲ ನನ್ನ ಪೂರ್ತಿ ಕೇಳ್ಬೇಕು."

ಮುಂದಿನ ಸಾಲಿನಲ್ಲೇ ಕೂರಿಸುತ್ತೇವೆ ಎಂದು ಮೇಷ್ಟ್ರು ಮಾತು ಕೊಟ್ಟರು.

೧. ಗುರುದರ್ಶನ

ಪರೀಕ್ಷೆಗೆಂದು ಒಂದು ಪದ ಹಾಡಿಸಿ ತಿರುಗಿ ಕೇಳಿಸಿದೆವು. ಭಾಗವತರು ಥಟ್ಟನೆ ಎದ್ದು, ಹೆಗಲ ಶಾಲು ಸೊಂಟಕ್ಕೆ ಸುತ್ತಿ, ಯಂತ್ರಕ್ಕೆ ಕೈ ಮುಗಿದರು. ಕಣ್ಣಲ್ಲಿ ನೀರು.

"ನಮ್ಮ ಗುರುಗಳು! ಅವರು ತೀರಿಹೋಗಿ ಇಪ್ಪತ್ತು ವರ್ಷ ಆಯ್ತಲ್ರಾ, ಅವರದೇ ಕಂಠ!"

ನಮಗೂ ಮೈ ಜುಮ್ಮೆಂದಿತು. ಅದು ನಿಮ್ಮದೇ ಧ್ವನಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಟೇಪಿನ ಹಾಡಿನಲ್ಲಿ ತಾಳ ಒಂಚೂರು ಜಾರಿತು. ಭಾಗವತರು ಕೈ ಇಳಿಸಿ ಕೂತರು.

"ಛೆ, ಗುರುಗಳು ತಪ್ಪೋರಲ್ಲ. ಇದು ನಾನೇ."

೨. ಬ್ಲೇಡಿಗೆ ಸಿಕ್ಕ ಗಣಪತಿ

ಗಣಪತಿ ಸ್ತುತಿ ಹಾಡದೆ ಅವರು ವಿವರಣೆ ಶುರು ಮಾಡಲಿಲ್ಲ. ಅದಿರಲಿ, ನಾವು ಯಂತ್ರ ನಿಲ್ಲಿಸಲು ಕೈ ಚಾಚಿದಾಗಲೆಲ್ಲ, ಅದು ನಿಲ್ಲುವ ಮೊದಲೇ, ಅರ್ಧಕ್ಕೆ ಬಿಡಬಾರದೆಂದು ಆಟದ ಕೊನೆಯಲ್ಲಿ ಹಾಡುವ ಮಂಗಳವನ್ನೂ ಹಾಡಿಬಿಟ್ಟರು. ಹೀಗೆ ಒಂಬತ್ತು ಮಂಗಳಗಳಾದವು.

ಬೇಡದ್ದನ್ನು ಬ್ಲೇಡಿನಿಂದ ಕತ್ತರಿಸಿ ಉಳಿದದ್ದನ್ನು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಗಣಪತಿಯನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಹಾಸ್ಟೆಲಿನ ನನ್ನ ಕೋಣೆಗೆ ಬಂದಿದ್ದ ಅಡಿಗೆಭಟ್ಟರು ಅದನ್ನು ಕಂಡು ಕೂಗಿಕೊಂಡರು.

"ದೇವರನ್ನ ಕಸಕ್ಕೆ ಹಾಕ್ತೀಯೇನೋ, ಪಾಪಿ!"

ಟೇಪನ್ನು ಎತ್ತಿ ಒರೆಸಿ, ಸುರುಳಿ ಸುತ್ತಿ, ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದರು. ನಿಜ ಹೇಳಬೇಕೆಂದರೆ, ಆ ಕಂದು ಪಟ್ಟಿಯೊಳಗೆ ಒಂದು ಇಡೀ ಸ್ತುತಿ ಸದ್ದಿಲ್ಲದೆ ಕೂತಿದೆಯಲ್ಲ ಎಂದು ನೆನೆದಾಗ ನನಗೂ ಭಕ್ತಿ ಬಂತು. ಆ ವಾರ ಪರೀಕ್ಷೆಗೆ ಹೊರಟವರೆಲ್ಲ ಟೇಪಿಗೆ ಅಡ್ಡಬಿದ್ದೇ ಹೋದರು. ಮೇಷ್ಟ್ರು ಕೂಡ ಬಿದ್ದರು, ಯಾರೂ ಇಲ್ಲದ ಹೊತ್ತು ನೋಡಿ.

೩. ಪ್ರದರ್ಶನ

ಪ್ರದರ್ಶನದ ಸಂಜೆ ಕಾಲೇಜಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಭಾಗವತರ ಹೆಂಡತಿ, ಪಕ್ಕದಲ್ಲಿ ಭಾಗವತರು. ಪರದೆಯ ಮೇಲೆ ಗುಡಿಗಾರರ ಬೆರಳುಗಳಾಡಿದವು, ಟೇಪ್ ರೆಕಾರ್ಡರ್ ಪೆಟ್ಟಿಗೆಯಿಂದ ಭಾಗವತರ ಧ್ವನಿ ಎದ್ದು ಬಂತು. ಹಾಲಿಗೆ ಹಾಲೇ ಉಸಿರು ಹಿಡಿಯಿತು. ಇದನ್ನು ಜೋಡಿಸಿದ್ದು ನನ್ನ ಕೈಯೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಐದನೇ ನಿಮಿಷ. ಗಂಧದ ಆನೆಗೆ ಇನ್ನೂ ಸೊಂಡಿಲು ಮೂಡಿಲ್ಲ. ಪೆಟ್ಟಿಗೆ ಮಂಗಳ ಹಾಡಿತು! ನಾನು ಕತ್ತರಿಸಲು ಮರೆತದ್ದೊಂದು ನಡುವೆ ಉಳಿದುಬಿಟ್ಟಿತ್ತು.

ಜನರೆಲ್ಲ ಎದ್ದರು, ಕೈ ಮುಗಿದರು, ಚಪ್ಪಲಿ ಹುಡುಕತೊಡಗಿದರು. ಪೆಟ್ಟಿಗೆ ಮತ್ತೆ ಆನೆಯ ಕತೆ ಮುಂದುವರಿಸಿದರೂ ಕೇಳುವವರಿಲ್ಲ. ಭಾಗವತರಿಗೆ ಕೊಟ್ಟ ಮಾತು ನನ್ನಿಂದಲೇ ಹಾಳಾಯಿತು.

"ಕೂತ್ಕಳಿ, ಇನ್ನೂ ಅರ್ಧ ಇದೆ!" ಮೇಷ್ಟ್ರು ಕೂಗಿದರು.

"ಮಂಗಳ ಆದ್ಮೇಲೆ ಇನ್ನೆಂತದು ಮಾರಾಯ್ರೆ?" ಎನ್ನುತ್ತ ಹಿರಿಯರೊಬ್ಬರು ಹೊರಟೇಬಿಟ್ಟರು.

ಮುಂದಿನ ಸಾಲು ನೋಡಿದೆ. ನಲವತ್ತು ವರ್ಷದ ಅಭ್ಯಾಸ, ಭಾಗವತರೂ ಎದ್ದು ಕೈ ಮುಗಿದು ನಿಂತಿದ್ದರು. ಕೂತಿದ್ದವರು ಒಬ್ಬರೇ, ಅವರ ಹೆಂಡತಿ. ಒಂದು ಆಟವನ್ನೂ ನೋಡದವರಿಗೆ ಮಂಗಳಕ್ಕೆ ಏಳಬೇಕೆಂದು ಹೇಗೆ ಗೊತ್ತಾಗಬೇಕು? ಪೆಟ್ಟಿಗೆಯಿಂದ ಕಣ್ಣು ಕೀಳದೆ, ಅವರು ಗಂಡನ ಶಾಲು ಹಿಡಿದು ಜಗ್ಗಿದರು.

"ಶ್! ಸುಮ್ನೆ ಕೂತ್ಕಳಿ. ನಮ್ಮನೆಯವ್ರು ಇನ್ನೂ ಮಾತಾಡ್ತಾ ಇದಾರೆ!"