ಮೇಜಿನ ಮೇಲೆ ಮಲಗಿ ಮಾಡಿದ ಪಾಠ

ಯಾವ ಪಾಠವನ್ನಾದರೂ ಮಾಡಿ ತೋರಿಸಿದರೆ ಮಕ್ಕಳು ಮರೆಯುವುದಿಲ್ಲ ಎಂಬುದು ಅರವತ್ತರ ದಶಕದಲ್ಲಿ ನನ್ನ ಅಚಲ ನಂಬಿಕೆಯಾಗಿತ್ತು. ಆಗ ನಾನು ಹೊಸನಗರದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನನ್ನ ಪಾಠ ನೋಡಿ ಅದನ್ನು ತೀರ್ಮಾನಿಸಲು ಅಂದು ಮಧ್ಯಾಹ್ನ ಸಾಗರದ ಬಸ್ಸಿನಲ್ಲಿ ಇನ್‌ಸ್ಪೆಕ್ಟರು ಬರುವವರಿದ್ದರು.

ಅಂದಿನ ಪಾಠ ‘ಲೈ’ ಎಂಬ ಕ್ರಿಯಾಪದ. ಪುಸ್ತಕ ಮೇಜಿನ ಮೇಲಿದೆ, ಹಳ್ಳಿ ಕವಲೇದುರ್ಗದ ಬುಡದಲ್ಲಿದೆ ಎನ್ನುತ್ತೇವೆ ನಾವು. ಇಂಗ್ಲಿಷಿನಲ್ಲಿ ಇವೆರಡೂ ಮಲಗಿಕೊಂಡಿರುತ್ತವೆ! ಮಕ್ಕಳು ಪಿಳಿಪಿಳಿ ನೋಡಿದರು. ಸರಿ, ನಾನೇ ಮಲಗಿ ತೋರಿಸುವುದೆಂದು ನಿರ್ಧರಿಸಿದೆ.

ಮಲಗುವುದಕ್ಕೂ ಶಿಸ್ತು ಬೇಡವೇ? ಕೋಟು ಮುದುರದಂತೆ ಬಿಚ್ಚಿ ಗೂಟಕ್ಕೆ ಹಾಕಿದೆ. ಮಕ್ಕಳನ್ನು ಮೇಜಿನ ಸುತ್ತ ಕೈಕಟ್ಟಿ ನಿಲ್ಲಿಸಿ, ನಾನು ಕೇಳುವವರೆಗೆ ಯಾರೂ ತುಟಿ ಬಿಚ್ಚಕೂಡದು ಎಂದೆ. ಗೋಡೆಯ ಮೇಲಿನ ಸರಸ್ವತಿಯ ಪಟಕ್ಕೆ ಕಾಲು ಚಾಚಬಾರದೆಂದು ತಲೆಯನ್ನೇ ಆ ಕಡೆಗಿಟ್ಟು, ಬಿಳಿ ಶಲ್ಯ ಹೊದೆದು ಕಣ್ಣು ಮುಚ್ಚಿದೆ. ಎಲ್ಲವನ್ನೂ ಯೋಚಿಸಿದ್ದೆ, ಆ ಗೋಡೆ ಯಾವ ದಿಕ್ಕಿನದು ಎಂಬುದೊಂದನ್ನು ಬಿಟ್ಟು. ಅದು ಉತ್ತರ! ನಮ್ಮ ಕಡೆ ಉಸಿರಿರುವವರು ಯಾರೂ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ.

ಊಟವಾಗಿ ಸ್ವಲ್ಪವೇ ಹೊತ್ತಾಗಿತ್ತು. ನಿದ್ದೆ ಬಂದೇಬಿಟ್ಟಿತು. ನಾನು ಕೇಳಲಿಲ್ಲ, ಮಕ್ಕಳು ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಇನ್‌ಸ್ಪೆಕ್ಟರನ್ನು ಕರೆತರಲು ಹೊರಟ ಜವಾನ ತಿಮ್ಮಪ್ಪ ಕಿಟಕಿಯಲ್ಲಿ ಇಣುಕಿದನಂತೆ. ಒಳಗೆ ಬಂದು ನೋಡುವ ಧೈರ್ಯವಾಗದೆ ನೇರ ಬಸ್ಸಿನ ಬಳಿಗೆ ಓಡಿ, “ಇಂಗ್ಲಿಷ್ ಮೇಷ್ಟ್ರು ಹೋಗ್ಬಿಟ್ರು ಸ್ವಾಮಿ. ಮಕ್ಳು ಸುತ್ತ ನಿಂತಾವೆ, ಪಾಪ” ಎಂದನಂತೆ. ಇನ್‌ಸ್ಪೆಕ್ಟರು ಸಂಪ್ರದಾಯಸ್ಥರು. ದಾರಿಯಲ್ಲೇ ಸೇವಂತಿಗೆ ಹಾರ ಕೊಂಡರು.

ಎದೆಯ ಮೇಲೆ ಏನೋ ತಣ್ಣಗಾಗಿ ನನಗೆ ಎಚ್ಚರವಾಯಿತು. ಕಣ್ಣು ತೆರೆಯದೆಯೇ ಪಾಠ ಮುಂದುವರಿಸಿದೆ: “ವಾಟ್ ಆಮ್ ಐ ಡೂಯಿಂಗ್?”

“ಯೂ ಆರ್ ಲೈಯಿಂಗ್, ಸರ್!” ಇಡೀ ತರಗತಿ ಒಂದೇ ಕೊರಳಿನಲ್ಲಿ ಕೂಗಿತು.

ಕಣ್ಣು ಬಿಟ್ಟರೆ ಇನ್‌ಸ್ಪೆಕ್ಟರು ಬರಿಗಾಲಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ! ಬೆವರು ಒರೆಸಿಕೊಂಡು ಮೆಲ್ಲನೆ ಹೇಳಿದರು: “ಏಳಿ ಮೇಷ್ಟ್ರೇ. ಹಾರ ನೀವೇ ಇಟ್ಕೊಳ್ಳಿ, ಅಂಗಡಿಯವ್ನು ವಾಪಸ್ ತಗೊಳ್ಳಲ್ಲ.”

ನನ್ನ ಕೆಲಸ ಹೋಯಿತೆಂದೇ ತಿಳಿದೆ. ಅವರು ಮಕ್ಕಳನ್ನು ಒಬ್ಬೊಬ್ಬರಾಗಿ ಪ್ರಶ್ನಿಸಿದರು. ಒಬ್ಬರೂ ತಪ್ಪಲಿಲ್ಲ. ನನ್ನನ್ನು ಹೊರಗೆ ಕರೆದು ಹೇಳಿದರು: “ಪಾಠ ಚೆನ್ನಾಗಿ ಹತ್ತಿದೆ. ಕೆಲ್ಸ ಖಾಯಂ ಮಾಡ್ತೀನಿ. ಆದ್ರೆ ನಾಳೆಯಿಂದ ನೀವು ಲೆಕ್ಕ ಹೇಳ್ಕೊಡಿ. ಅದ್ರಲ್ಲಿ ಯಾರೂ ಮಲಗ್ಬೇಕಾಗಿಲ್ಲ.”

ತಿಮ್ಮಪ್ಪ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಇಂಗ್ಲಿಷ್ ಮೇಷ್ಟ್ರು ಅಂದೇ ತೀರಿಕೊಂಡರು. ಪಿಂಚಣಿ ತೆಗೆದುಕೊಳ್ಳುತ್ತಿರುವುದು ಲೆಕ್ಕದ ಮೇಷ್ಟ್ರು.