ನಾನು ಹೊಂದಿಸಿದ ಕಂಪ್ಯೂಟರ್

ರೆಡಿಮೇಡ್ ಕಂಪ್ಯೂಟರ್ ಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಒಂದಕ್ಕೊಂದು ಒಗ್ಗುತ್ತವೆಯೇ ಎಂದು ನೋಡಿ, ಕೈಯಾರೆ ಜೋಡಿಸುವುದಕ್ಕೆ ಗಂಡೆದೆ ಬೇಕು. ನನ್ನದು ಪೇಂಟ್ ಅಂಗಡಿ. ಗೋಡೆಯಿಂದ ಉದುರಿದ ಉಗುರಿನಷ್ಟು ಚಕ್ಕೆ ತಂದುಕೊಟ್ಟರೆ ಸಾಕು, ಅದೇ ಬಣ್ಣ ಕಲಸಿ ಕೊಡುತ್ತೇನೆ. ಅಂಥವನಿಗೆ ನಾಲ್ಕಾರು ಡಬ್ಬಿ, ತಂತಿ ಹೊಂದಿಸುವುದು ಯಾವ ಲೆಕ್ಕ?

ನನ್ನಾಕೆ ಮನೆಯಲ್ಲೇ ಕೂತು ಬೇರೆಯವರ ಮನೆಗಳ ಒಳಾಂಗಣದ ನಕ್ಷೆ ಬರೆಯುತ್ತಾಳೆ. ಅವಳ ಹಳೆಯ ಕಂಪ್ಯೂಟರಿನಲ್ಲಿ ಅಡುಗೆಮನೆಯ ಚಿತ್ರ ತೆರೆದುಕೊಳ್ಳುವಷ್ಟರಲ್ಲಿ ನಮ್ಮ ನಿಜವಾದ ಅಡುಗೆಮನೆಯಲ್ಲಿ ಹಾಲು ಉಕ್ಕಿ, ತಳ ಹಿಡಿದು, ಪಾತ್ರೆಯನ್ನೂ ತೊಳೆದಾಗಿರುತ್ತಿತ್ತು. (ತೊಳೆಯುವವರು ಯಾರೆಂದು ಕೇಳಬೇಡಿ.) ಕಡೆಗೊಂದು ದಿನ ಅದು ಕಣ್ಣು ಮುಚ್ಚಿತು.

"ಭಾನುವಾರ ಸಂಜೆ ಗಿರಾಕಿಗೆ ನಕ್ಷೆ ತೋರಿಸ್ಬೇಕು ರೀ. ತಪ್ಪಿದ್ರೆ ಕೆಲಸ ಇನ್ನೊಬ್ಬರ ಪಾಲು. ಸುಮ್ನೆ ಜೋಡಿಸಿರೋದನ್ನೇ ತಂದ್ಬಿಡಿ."

"ನಾನಿರುವಾಗ ಅಂಗಡಿಯವನು ಯಾಕೆ ಜೋಡಿಸ್ಬೇಕು?"

"ನೀವಿದ್ದೀರಲ್ಲ, ಅದೇ ಭಯ."

ಆ ವಾರವೆಲ್ಲ ಘೋರ ತಪಸ್ಸು. ಈ ಪ್ರೊಸೆಸರ್ ಆ ಮದರ್‌ಬೋರ್ಡಿನಲ್ಲಿ ಕೂರುತ್ತದೆಯೇ, ಆ ಬೋರ್ಡು ಈ ರ‍್ಯಾಮನ್ನು ಒಪ್ಪುತ್ತದೆಯೇ, ಗ್ರಾಫಿಕ್ಸ್ ಕಾರ್ಡು ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದೆಯೇ, ಇವರೆಲ್ಲರ ಹಸಿವಿಗೆ ಪವರ್ ಸಪ್ಲೈ ಸಾಲುತ್ತದೆಯೇ? ತಟ್ಟೆಯ ಮುಂದೆ ಕೂತರೂ ಇದೇ ಧ್ಯಾನ. ಅಮ್ಮನ ಹೊಲಿಗೆ ಟೇಪು ತಂದು ಫ್ಯಾನಿನ ಎತ್ತರವನ್ನೂ ಅಳೆದೆ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಮಹಾಕಾರ್ಯ ನೆರವೇರಿತು. ನಕ್ಷೆಗಳಿದ್ದ ಹಳೆಯ ಡಿಸ್ಕನ್ನೂ ಒಳಗೆ ಕೂರಿಸಿದೆ, ಒಂದು ಸ್ಕ್ರೂ ಕೂಡ ಮಿಗಲಿಲ್ಲ. ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ನಾನು ಅಮ್ಮನ ಕಡೆ ನೋಡಿ ಕಾಲರ್ ಸರಿಮಾಡಿಕೊಂಡೆ.

"ಸ್ಕ್ರೀನು?" ಎಂದಳು ನನ್ನಾಕೆ.

ಹಳೆಯ ಮಾನಿಟರಿನ ಕೇಬಲ್ ಎತ್ತಿಕೊಂಡೆ. ಅದಕ್ಕೆ ನೀಲಿ ತಲೆ, ಎರಡು ಕಡೆ ತಿರುಪು, ಒಳಗೆ ಸಾಲು ಸಾಲು ಸೂಜಿ. ನನ್ನ ಹೊಸ ಯಂತ್ರದ ಬೆನ್ನಲ್ಲಿದ್ದವೆಲ್ಲ ಚಪ್ಪಟೆ ಕಿಂಡಿಗಳು. ತಿರುಗಿಸಿ ನೋಡಿದೆ, ಮಗುಚಿ ನೋಡಿದೆ, ಊದಿಯೂ ನೋಡಿದೆ. ಡಬ್ಬಿಯೊಳಗಿನ ಎಲ್ಲರನ್ನೂ ವಿಚಾರಿಸಿದ್ದ ನಾನು, ವರ್ಷಗಳಿಂದ ಕಣ್ಣೆದುರೇ ಕೂತಿದ್ದ ಮಾನಿಟರನ್ನು ಒಂದು ಮಾತು ಕೇಳಿರಲಿಲ್ಲ.

"ಗೋಡೆ ನೋಡದೇನೇ ಬಣ್ಣ ಕಲಸಿದ್ರಾ?"

"ನಡುವೆ ಹಾಕೋ ಕನ್ವರ್ಟರ್ ಸಿಗುತ್ತೆ ಕಣೇ. ನಾಳೆ ಅಂಗಡಿ ತೆಗೆದ ಕೂಡ್ಲೇ..."

"ಅವರು ಬರೋದು ಇವತ್ತು!" ಅವಳ ಕಣ್ಣು ತುಂಬಿಕೊಂಡಿತು.

ಆಗ ಅಮ್ಮ ಬಾಯಿಬಿಟ್ಟರು. "ಟೀವಿ ಧೂಳು ಹೊಡೆಯುವಾಗ ಹಿಂದ್ಗಡೆ ಇಂಥದ್ದೇ ಚಪ್ಪಟೆ ಕಿಂಡಿ, ಅದಕ್ಕೊಂದು ತಂತಿ ನೋಡಿದೀನಲ್ಲೋ."

"ಅಮ್ಮಾ, ಅದ್ರಲ್ಲಿ ಸಂಜೆ ಫೈನಲ್ ಮ್ಯಾಚು..." ಎನ್ನುವಷ್ಟರಲ್ಲಿ ನನ್ನಾಕೆ ಯಂತ್ರವನ್ನು ಅಪ್ಪಿಕೊಂಡು ಹಾಲ್‌ಗೆ ಹೊರಟೇಬಿಟ್ಟಿದ್ದಳು.

ಸಂಜೆ ಗಿರಾಕಿ ದಂಪತಿ ಬಂದರು. ಅಷ್ಟಗಲದ ಟೀವಿಯಲ್ಲಿ ತಮ್ಮ ಮನೆ ಕಂಡು ಬಾಯಿ ತೆರೆದು ಕೂತರು. "ಆ ಕಪಾಟು ಕಿಟಕಿಗೆ ಅಡ್ಡ ಬರುತ್ತೆ, ಈ ಕಡೆ ಸರಿಸಮ್ಮ" ಎಂದು ಅಮ್ಮ ಅಪ್ಪಣೆ ಕೊಟ್ಟರೆ ಕಪಾಟು ಕ್ಷಣದಲ್ಲಿ ಸರಿಯುತ್ತಿತ್ತು. (ಯಂತ್ರದ ವೇಗ ನೋಡಿದಿರಾ? ಜೋಡಿಸಿದ್ದು ನಾನು.) ದಂಪತಿ ಎಲ್ಲಕ್ಕೂ ಒಪ್ಪಿ, ತಮ್ಮ ಅಣ್ಣನ ಮನೆಯ ಕೆಲಸವನ್ನೂ ಇವಳಿಗೇ ವಹಿಸಿ ಹೋದರು. ಫೈನಲ್ಲನ್ನು ನಾನು ಮಲಗುವ ಕೋಣೆಯಲ್ಲಿ ಮೊಬೈಲಿನಲ್ಲಿ ನೋಡಿದೆ. ಚೆಂಡು ಕಾಣಲಿಲ್ಲ, ಕೂಗಾಟ ಕೇಳಿಸಿತು.

ಮರುದಿನವೇ ಕನ್ವರ್ಟರ್ ತಂದೆ. "ತಗೋ, ಇನ್ನು ನಿನ್ನ ಮಾನಿಟರ್ ಹತ್ರ ಹೋಗು."

"ಅಷ್ಟು ಚಿಕ್ಕದ್ರಲ್ಲಾ? ಬಂದೋರಿಗೆ ಇದೇ ಹಿಡಿಸಿದೆ ರೀ."

"ನನಗೂ ಧಾರಾವಾಹಿಗಿಂತ ಇದೇ ವಾಸಿ ಕಣೋ," ಎಂದರು ಅಮ್ಮ. "ಇದ್ರಲ್ಲಿ ನಾನು ಹೇಳಿದ ಹಾಗೆ ಆಗುತ್ತೆ."

ಈಗ ಅವಳು ಆ ಅಣ್ಣನ ಮನೆಯ ಹಾಲ್ ಬರೆಯುತ್ತಿದ್ದಾಳೆ. ಮೆತ್ತನೆಯ ಸೋಫಾ, ಅದರ ಎದುರು ಗೋಡೆಯ ಮೇಲೆ ಭಾರೀ ಟೀವಿ. ಸದ್ಯಕ್ಕೆ ನಮ್ಮ ಮನೆಯಲ್ಲಿ ನನ್ನ ಪಾಲಿಗಿರುವ ಟೀವಿ ಅದೊಂದೇ. ಅದನ್ನೂ ಅವಳು ಆಫ್ ಮಾಡಿಯೇ ಬರೆದಿದ್ದಾಳೆ.