ಎಂಟರ ಗಾಡಿ

ನಾಚಿಮುತ್ತು ಮಾಮನಿಗೆ ಕೂಡುವ ಲೆಕ್ಕ ಬರುತ್ತಿತ್ತು. ಪೊನ್ನರಸು ಕೆಟ್ಟದ್ದು ಅಷ್ಟರಿಂದಲೇ.

ಪೊನ್ನರಸುವಿಗೆ ಇಪ್ಪತ್ತೆರಡು. ಕರೂರಿನ ಒಂದು ಬೆಡ್‌ಶೀಟ್ ಗೋದಾಮಿನಲ್ಲಿ ಮೂರು ವರ್ಷದಿಂದ ಟವೆಲ್ ಮಡಚುತ್ತಿದ್ದ. ಕೇರಳದ ಅಂಗಡಿಗಳಿಗೆ ಸ್ಯಾಂಪಲ್ ಒಯ್ದು ಆರ್ಡರ್ ತರಲು ಯಜಮಾನರಿಗೆ ಒಬ್ಬ ಬೇಕಾಗಿದ್ದ. ಸಂಬಳ ಎರಡರಷ್ಟು, ಆದರೆ ಕಾರು ಸ್ವಂತದ್ದಿರಬೇಕು. "ಶನಿವಾರ ಸಂಜೆ ಐದಕ್ಕೆ ಗೋದಾಮಿನ ಮುಂದೆ ಯಾರ ಕಾರು ನಿಂತಿರುತ್ತೋ ಅವನಿಗೆ ಕೆಲಸ" ಅಂದಿದ್ದರು. ಪೊನ್ನರಸುವಿನ ಹತ್ತಿರ ಇದ್ದದ್ದು ಚೀಟಿ ಎತ್ತಿದ ಒಂದೂವರೆ ಲಕ್ಷ, ಮತ್ತು ಆರು ತಿಂಗಳ ಹಿಂದೆ ಬಂದ ಲೈಸೆನ್ಸು.

ಶನಿವಾರ ಬೆಳಿಗ್ಗೆ ಬೈಪಾಸ್ ಪಕ್ಕದ ದಲ್ಲಾಳಿಯ ಬಳಿ ಒಂದು ಬಿಳಿ ಕಾರು ಸಿಕ್ಕಿತು. ಒಬ್ಬರೇ ಮೇಷ್ಟ್ರು ಓಡಿಸಿದ್ದು, ಎಲ್ಲೂ ಗೀರಿಲ್ಲ. ಜೊತೆಗೆ ಬಂದ ಮೆಕ್ಯಾನಿಕ್ ಇಂಜಿನ್ ಸದ್ದಿಗೆ ಕಿವಿಗೊಟ್ಟು, "ಕಣ್ಮುಚ್ಕೊಂಡು ತಗೋ" ಅಂದ. ಬೆಲೆ ಒಂದು ಲಕ್ಷ ಮೂವತ್ತು ಸಾವಿರ. ಉಳಿದದ್ದು ಇನ್ಶೂರೆನ್ಸಿಗೆ, ಟಯರಿಗೆ. ಪೊನ್ನರಸು ಐದು ಸಾವಿರ ಮುಂಗಡ ಕೊಟ್ಟು, ದಲ್ಲಾಳಿಯನ್ನೂ ಕೂರಿಸಿಕೊಂಡು, ಅಮ್ಮನಿಗೆ ತೋರಿಸಲು ಕಾರನ್ನು ಮನೆ ಮುಂದೆ ತಂದ.

ಅಮ್ಮ ಪಾವಾಯಿ ಆರತಿ ತಟ್ಟೆ ಹಿಡಿದು ಬಂದಳು. ಎದುರುಮನೆಯಿಂದ ನಾಚಿಮುತ್ತು ಮಾಮನೂ ಬಂದರು. ಅವರ ಮಗ ತಂಗವೇಲು ಪೊನ್ನರಸುವಿನ ಪಕ್ಕದಲ್ಲೇ ಕೂತು ಟವೆಲ್ ಮಡಚುವವನು. ಮಾಮ ಇಂಜಿನ್ ನೋಡಲಿಲ್ಲ, ಸೀಟು ನೋಡಲಿಲ್ಲ. ನಂಬರ್ ಪ್ಲೇಟಿನ ಮುಂದೆ ನಿಂತು ಬೆರಳಿನ ಗೆಣ್ಣು ಎಣಿಸಿದರು. ಮೂರು, ಒಂಬತ್ತು, ಸೊನ್ನೆ, ಐದು.

"ಹದಿನೇಳು. ಒಂದೂ ಏಳೂ ಎಂಟು."

ಆರತಿ ತಟ್ಟೆ ಅಲ್ಲೇ ನಿಂತಿತು. "ಎಂಟಾ?"

"ಎಂಟೇ ಪಾವಾಯಿ. ಶನಿ ನಂಬರು. ಅದೂ ಶನಿವಾರ. ನನಗ್ಯಾಕೆ ಅಂತ ಸುಮ್ನಿರಬಹುದಿತ್ತು, ಮನಸ್ಸು ಕೇಳಲಿಲ್ಲ."

"ಮಾಮ, ಇಂಜಿನ್ ಚೆನ್ನಾಗಿದೆ" ಎಂದ ಪೊನ್ನರಸು.

"ಎಂಟರ ಬಸ್ಸು ಸೇತುವೆಯಿಂದ ಬಿತ್ತಲ್ಲ, ಅದಕ್ಕೂ ಇಂಜಿನ್ ಚೆನ್ನಾಗೇ ಇತ್ತಪ್ಪ."

ಅಷ್ಟರಲ್ಲಿ ಬೀದಿಯ ಜನವೆಲ್ಲ ಸೇರಿತ್ತು. ಒಬ್ಬೊಬ್ಬರ ಬಳಿಯೂ ಒಂದೊಂದು ಎಂಟರ ಸಾವು. ಪಾವಾಯಿ ಹೊಸ್ತಿಲ ಮೇಲೆ ಕುಸಿದಳು. "ನಿಮ್ಮಪ್ಪ ಹೋದ್ರು. ನೀನೂ ಹೋಗ್ಬೇಕೇನೋ?" ಅಂದಳು. ಇದಕ್ಕೆ ಯಾವ ಮಗ ಎದುರಾಡುತ್ತಾನೆ? ಕಾರು ಹಿಂದೆ ಹೋಯಿತು, ಐದು ಸಾವಿರ ದಲ್ಲಾಳಿಯ ಜೇಬಿನಲ್ಲೇ ಉಳಿಯಿತು.

ಎರಡನೇ ಸಲ ಮಾಮನೇ ಜೊತೆಗೆ ಬಂದರು. ದಲ್ಲಾಳಿಯ ಅಂಗಳದಲ್ಲಿದ್ದ ಕಾರುಗಳ ನಂಬರನ್ನೆಲ್ಲ ಕೂಡಿ, ಒಂದು ನೀಲಿ ಕಾರಿನ ಮುಂದೆ ನಿಂತರು. "ಆರು. ಶುಕ್ರ. ಲಕ್ಷ್ಮಿ ಬಂದ ಹಾಗೆ."

"ಹೊಗೆ ನೋಡ್ರಿ, ಇದು ಎಣ್ಣೆ ಕುಡಿಯುತ್ತೆ" ಎಂದ ಮೆಕ್ಯಾನಿಕ್.

"ಇಂಜಿನ್ ಬದಲಾಯಿಸಬಹುದು. ನಂಬರ್ ಬದಲಾಯಿಸೋಕಾಗುತ್ತಾ?"

ಬೆಲೆ ಒಂದು ನಲವತ್ತೈದು. ಕೈಯಲ್ಲಿ ಉಳಿದದ್ದೂ ಅಷ್ಟೇ.

ನಾಲ್ಕೂವರೆಗೆ ಮನೆ ಮುಂದೆ ನೀಲಿ ಕಾರಿನ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಪೊನ್ನರಸು ಕೀಲಿ ತಿರುಗಿಸಿದ. ಲಕ್ಷ್ಮಿ ಎರಡು ಸಲ ಕೆಮ್ಮಿ ಸುಮ್ಮನಾದಳು. ನಿಂಬೆಹಣ್ಣು ಹಾಗೇ ಬಿಡಬಾರದೆಂದು ಬೀದಿಯವರೆಲ್ಲ ಸೇರಿ ಕಾರನ್ನು ತಳ್ಳಿ, ಹಣ್ಣು ತುಳಿಸಿ, ಕೈ ಒರೆಸಿಕೊಂಡು ಮನೆಗೆ ಹೋದರು. ಐದು ಹೊಡೆಯಿತು. ಪೊನ್ನರಸು ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದ. ಅಳು ಬಂದಿತ್ತು, ಅಮ್ಮ ನೋಡುತ್ತಾಳೆಂದು ನುಂಗಿದ.

ಆರಕ್ಕೆ ದಲ್ಲಾಳಿ ಓಡಿಸಿಕೊಂಡು ಬಂದ ಬಿಳಿ ಕಾರು ಎದುರುಮನೆಯ ಮುಂದೆ ನಿಂತಿತು. ಹೂವಿನ ಹಾರ ಹಾಕಿತ್ತು. ಹಿಂದಿನ ಸೀಟಿನಿಂದ ಮಾಮ ಮತ್ತು ತಂಗವೇಲು ಇಳಿದರು.

"ಎಂಟು ಅಂತ ಯಾರೂ ಮುಟ್ಟಲ್ಲ ನೋಡು, ಒಂದು ಲಕ್ಷಕ್ಕೇ ಬಿಟ್ಟ" ಅಂದರು ಮಾಮ. "ನಾನು ಹುಟ್ಟಿದ್ದು ಇಪ್ಪತ್ತಾರನೇ ತಾರೀಖು. ಎರಡೂ ಆರೂ ಎಂಟು. ಎಂಟರವರನ್ನ ಶನಿ ಕಾಡಲ್ಲ, ಕಾಯ್ತಾನೆ. ಐದಕ್ಕೆ ಗೋದಾಮಿನ ಮುಂದೆ ನಿಂತಿದ್ದು ಇದೊಂದೇ ಗಾಡಿ. ಕೆಲಸ ತಂಗವೇಲುಗೆ ಆಯ್ತು."

ಪೊನ್ನರಸು ನೀಲಿ ಕಾರಿನಿಂದ ಇಳಿದು ಬಂದ.

"ಆದ್ರೆ ಅವನಿಗೆ ಓಡಿಸೋಕೆ ಬರಲ್ಲ. ನೀನು ಓಡಿಸು. ಟವೆಲ್ ಮಡಚೋ ಸಂಬಳ ನಾನೇ ಕೊಡ್ತೀನಿ."

ನೀಲಿ ಕಾರಿನ ರಿಪೇರಿಗೆ ದುಡ್ಡು ಎಲ್ಲಿಂದಲಾದರೂ ಬರಬೇಕಿತ್ತು. ಪೊನ್ನರಸು ತಲೆಯಾಡಿಸಿದ.

"ತಡಿ, ಓಡಿಸೋನಿಗೂ ನಂಬರ್ ಹೊಂದಬೇಕು. ನೀನು ಹುಟ್ಟಿದ ತಾರೀಖು?"

"ಹದಿನೇಳು."

ಮಾಮನ ಹೆಬ್ಬೆರಳು ಗೆಣ್ಣಿನ ಮೇಲೆ ಓಡಿ, ನಿಂತಿತು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ಅಯ್ಯೋ ಮಗನೇ, ನೀನೂ ಎಂಟೇ. ಇದು ನಿನಗೇ ಹೇಳಿ ಮಾಡಿಸಿದ ಗಾಡಿ. ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು?" ಎಂದು ಕೀಲಿಯನ್ನು ಅವನ ಕೈಗಿಟ್ಟರು.